ನನ್ನ ಬೀಗ ನನಗೇ ಕಳ್ಳ ಅಂದಿತು

ನಾನು ಹಾಕಿದ ಬೀಗವನ್ನು ತೆಗೆಯುವ ಗಂಡು ಅಥಣಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಹೀಗೆಂದು ತೊಂಬತ್ನಾಲ್ಕನೆಯ ಇಸವಿಯ ಜೂನ್ ತಿಂಗಳಲ್ಲಿ, ನಲವತ್ತು ಜನರ ಎದುರಿಗೆ, ಎದೆಯುಬ್ಬಿಸಿ ಸಾರಿದವನು ನಾನೇ. ಸುಳ್ಳು ಹೇಳಲಿಲ್ಲ. ಮಾತು ಅಕ್ಷರಶಃ ನಿಜವಾಯಿತು. ತೊಂದರೆ ಏನೆಂದರೆ, ನಾನೂ ಅಥಣಿ ತಾಲ್ಲೂಕಿನಲ್ಲೇ ಹುಟ್ಟಿದವನು!

ಇದನ್ನು ನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ. ಎಲ್ಲಿಯವರೆಗೆ ನಗು ಬರುತ್ತದೋ ನೋಡೋಣ.

ಆಗ ಅಥಣಿ ಬಸ್‌ಸ್ಟ್ಯಾಂಡಿನ ಹತ್ತಿರ, ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು. ವಿದ್ಯಾರ್ಥಿಗಳು ಹನ್ನೊಂದು, ಕಂಪ್ಯೂಟರು ಒಂದು. ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಒಳಗೆ ಬರಬೇಕು. ಊರಿನಲ್ಲಿ ಕಂಪ್ಯೂಟರ್ ಎಂದರೆ ವಿರುಪಾಕ್ಷಪ್ಪ ಸರ, ವಿರುಪಾಕ್ಷಪ್ಪ ಸರ ಎಂದರೆ ಕಂಪ್ಯೂಟರ್. ಇದನ್ನು ಒಪ್ಪದವಳು ಭೂಮಂಡಲದಲ್ಲಿ ಒಬ್ಬಳೇ. ಆಕೆ ನಿಪ್ಪಾಣಿಯಿಂದ ನನ್ನ ಮನೆ ತುಂಬಿದ ಸೋನಾಬಾಯಿ, ನನ್ನ ಹೆಂಡತಿ.

ನಮ್ಮೂರಲ್ಲಿ ಅಪ್ಪಾಸಾಬ ಎಂಬ ನಿವೃತ್ತ ಕಂಪೌಂಡರ್ ಇದ್ದರು. ವಯಸ್ಸು ಎಪ್ಪತ್ತು, ಎರಡೂ ಕಣ್ಣಿಗೆ ಪೊರೆ. ಇಪ್ಪತ್ತು ವರ್ಷ ಹಳ್ಳಿಹಳ್ಳಿ ಸೈಕಲ್ ತುಳಿದು, ಆಪತ್ತಿನಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು ಕೂಡಿಸಿದ್ದರು. ಕೆಂಪು ರಟ್ಟಿನ ಒಂದು ವಹಿ. ಅದರಲ್ಲಿ ಮುನ್ನೂರ ಹನ್ನೆರಡು ಹೆಸರು, ಊರು, ರಕ್ತದ ಗುಂಪು. ಹೆರಿಗೆಯಾಗಲಿ, ಗಾಣಕ್ಕೆ ಕೈ ಸಿಕ್ಕಿರಲಿ, ಜನ ಮೊದಲು ಓಡುತ್ತಿದ್ದದ್ದು ಅಪ್ಪಾಸಾಬರ ಕಟ್ಟೆಗೆ.

ಆ ಬೇಸಿಗೆಯಲ್ಲಿ ರಕ್ತ ಮಾರುವ ಒಬ್ಬ ದಲಾಲ ರೋಗಿಯ ಕಡೆಯವನಂತೆ ಬಂದ. ಅಪ್ಪಾಸಾಬರು ನೀರು ತರಲು ಒಳಗೆ ಹೋದಾಗ ವಹಿಯಿಂದ ಎರಡು ಹಾಳೆ ಹರಿದುಕೊಂಡು ಹೋದ. ಮುಂದಿನ ವಾರದಿಂದ ಆ ಹಾಳೆಯಲ್ಲಿದ್ದ ಬಡವರ ಮನೆಮುಂದೆ ಜೀಪು ನಿಲ್ಲತೊಡಗಿತು. ಒಬ್ಬ ಕೂಲಿಯವನಿಂದ ತಿಂಗಳಲ್ಲಿ ಮೂರು ಸಲ ರಕ್ತ ಬಸಿದರು. ಆತ ಬಸ್‌ಸ್ಟ್ಯಾಂಡಿನಲ್ಲಿ ತಲೆತಿರುಗಿ ಬಿದ್ದ.

ಅಪ್ಪಾಸಾಬರು ವಹಿಯನ್ನು ಎದೆಗವಚಿಕೊಂಡು ನನ್ನ ಮಾಳಿಗೆ ಹತ್ತಿ ಬಂದರು. "ಸರ, ಇದನ್ನ ಎಲ್ಲಿ ಬಚ್ಚಿಡ್ಲಿ ಹೇಳ್ರಿ."

"ಎಲ್ಲಿಯೂ ಬ್ಯಾಡ್ರಿ. ನನಗ ಕೊಡ್ರಿ. ಇದಕ್ಕ ಎಂಥಾ ಬೀಗ ಹಾಕ್ತೀನಂದ್ರ, ಬ್ರಹ್ಮ ಬಂದ್ರೂ ಹೊಸ್ತಿಲದಾಗ ನಿಲ್ಲಬೇಕು!"

ಪುಣೆಯಲ್ಲಿ ನನಗೊಬ್ಬ ಗೆಳೆಯ, ರಾಜಾರಾಮ. ಆತ ಎರಡು ಫ್ಲಾಪಿಗಳಲ್ಲಿ ಗುಪ್ತಲಿಪಿಯ ಲೈಬ್ರರಿ ಕಳಿಸಿಕೊಟ್ಟ. ಹೆಂಡತಿ ಫ್ಲಾಪಿಯನ್ನು ತಿರುವಿ ಮುರುವಿ ನೋಡಿದಳು.

"ಲೈಬ್ರರಿ ಅಂತೀರಿ, ಪುಸ್ತಕ ಎಲ್ಲಿ?"

"ಇದು ಪುಸ್ತಕದ್ದಲ್ಲ ಮಾರಾಯ್ತಿ. ಬೀಗ ಮಾಡೂ ತಯಾರಿ ಸಾಮಾನು. ಹಲ್ಲು, ಕೊಂಡಿ, ಸ್ಪ್ರಿಂಗು ಎಲ್ಲಾ ಒಳಗೈತಿ. ನಮಗ ಬೇಕಾದ್ದು ಆರಿಸಿ ಜೋಡಿಸ್ಕೋಬೇಕು."

"ಮತ್ತ ಈ ದಪ್ಪಂದು?"

ಅದು ಕೈಪಿಡಿ. ಹನ್ನೆರಡು ಅಧ್ಯಾಯ. ಹನ್ನೊಂದನ್ನು ನಾನು ಕಾದಂಬರಿಯಂತೆ ಓದಿ ಮುಗಿಸಿದೆ. ಕೊನೆಯದರ ತಲೆಬರಹ 'ಮಾಹಿತಿಯನ್ನೂ ಕೀಲಿಯನ್ನೂ ಮರಳಿ ಪಡೆಯುವುದು'. ಬೀಗ ಹಾಕುವಾಗಲೇ ಎರಡನೆಯ ಕೀಲಿಯೊಂದನ್ನು ಕಾಗದದ ಮೇಲೆ ಮುದ್ರಿಸಿ, ಲಕೋಟೆಯಲ್ಲಿ ಹಾಕಿ, ನಂಬಿಕಸ್ಥರ ಬಳಿ ಇಡಿ ಎಂದು ಅದರ ಮೊದಲ ಸಾಲು. ನಾನು ಅಲ್ಲಿಗೇ ಮುಚ್ಚಿದೆ. ಕೀಲಿ ಕಳೆದುಕೊಳ್ಳುವ ಹೆಡ್ಡರಿಗೆ ಬರೆದ ಅಧ್ಯಾಯವನ್ನು ನಾನೇಕೆ ಓದಲಿ?

"ಆ ಎರಡನೇ ಕೀಲಿ ನನ್ನ ಹಂತ್ಯಾಕ ಇರ್ಲಿ ಬಿಡ್ರಿ. ಟ್ರಂಕಿನ್ಯಾಗ ಇಡ್ತೀನಿ," ಎಂದಳು ಸೋನಾಬಾಯಿ.

"ನಿನ್ನ ಹಂತ್ಯಾಕ ಇಟ್ರ ಅದು ಗುಟ್ಟಲ್ಲ, ಗಲ್ಲಿ ಸುದ್ದಿ!"

 ಎರಡನೆಯ ಕೀಲಿ ಮುದ್ರಿಸುವ ಪ್ರೋಗ್ರಾಮಿನ ತುಣುಕನ್ನು ಕಿತ್ತು ಬಿಸಾಕಿದೆ. ಅದರ ಬದಲು ನನ್ನದೇ ಸ್ವಂತ ಬುದ್ಧಿಯಿಂದ ಒಂದು ಅಲಂಕಾರ ಸೇರಿಸಿದೆ: ಯಾರಾದರೂ ಮೂರು ಸಲ ತಪ್ಪು ಕೀಲಿ ಹೊಡೆದರೆ ಕಂಪ್ಯೂಟರು ಪೀಂ ಪೀಂ ಎಂದು ಕೊಂಬೂದಿ, ಪರದೆಯ ತುಂಬ 'ಎಲೈ ಕಳ್ಳನೇ, ತೊಲಗು!' ಎಂದು ಬರೆದು, ಐದು ನಿಮಿಷ ಮುಷ್ಕರ ಹೂಡಬೇಕು. ಆಹಾ! ಈ ಅಲಂಕಾರಕ್ಕೆ ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ.

ಒಂದು ತಿಂಗಳು ಕೂತು ಮುನ್ನೂರ ಹನ್ನೆರಡು ಹೆಸರನ್ನೂ ನಾನೇ ಹೊಡೆದೆ. ಆಮೇಲೆ ಸಮಾರಂಭ. ಪೇಡೆ, ಚಹಾ, ನನ್ನ ಭಾಷಣ. ಎಲ್ಲರೆದುರು ಕಂಪ್ಯೂಟರ್ ಮುಂದೆ ಕೂತು ಕೀಲಿಪದ ಹೊಡೆದೆ. ಪರದೆಯ ಮೇಲೆ ಅಕ್ಷರ ಕಾಣುವುದಿಲ್ಲ, ಬರೀ ಚುಕ್ಕೆಗಳು. ಜನ ಚಪ್ಪಾಳೆ ತಟ್ಟಿದರು. ಪಟ್ಟಿಗೆ ಬೀಗ ಬಿತ್ತು. ಬೀಗವಿಲ್ಲದ ಮೂಲ ಪಟ್ಟಿಯನ್ನು ಕಂಪ್ಯೂಟರಿನಿಂದ ಒರೆಸಿ ಹಾಕಿದೆ. ಉಳಿದದ್ದು ಕೆಂಪು ವಹಿ. ಅದಕ್ಕೆಂದೇ ಮಾಳಿಗೆಯ ಮೇಲೆ ಶೆಗಡಿಯಲ್ಲಿ ಕೆಂಡ ಹೊತ್ತಿಸಿ ಇಟ್ಟಿದ್ದೆ.

"ಸರ, ಸುಡೂದು ಬ್ಯಾಡ್ರಿ. ನಮ್ಮ ಮನ್ಯಾಗ ಜ್ವಾಳದ ಚೀಲದ ತಳಕ್ಕ ಮುಚ್ಚಿಡ್ತೀನಿ," ಎಂದರು ಅಪ್ಪಾಸಾಬ.

"ಅಪ್ಪಾಸಾಬರ, ಎರಡು ಕಡೆ ಇದ್ರ ಎರಡು ಕಡೆಯಿಂದ ಕಳುವಾಗ್ತೈತಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ನಂಬಿಕೆ ಇತ್ತು. ಅದೇ ದೊಡ್ಡ ಅನಾಹುತ. ಅವರು ತಾವೇ ಒಂದೊಂದು ಹಾಳೆ ಹರಿದು ಬೆಂಕಿಗೆ ಹಾಕಿದರು. ಹೊಗೆಯಿಂದಲೋ ಏನೋ, ಅವರ ಪೊರೆಗಣ್ಣುಗಳು ಒದ್ದೆಯಾಗಿದ್ದವು.

ಆಗಸ್ಟ್ ತಿಂಗಳ ಒಂದು ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆ. ಬೀಗ ಹಾಕಿದ ಮೇಲೆ ಪಟ್ಟಿ ತೆಗೆಯುವ ಪ್ರಸಂಗ ಬಂದದ್ದು ಅದೇ ಮೊದಲು. ಅಪ್ಪಾಸಾಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಕಂಬಳಿ ಹೊದ್ದ, ಕೈಯಲ್ಲಿ ಕೋಲು ಹಿಡಿದ ಒಬ್ಬ ಕುರಿಗಾರ. ಚಪ್ಪಲಿ ಹೊರಗೆ ಬಿಡಲಿಲ್ಲ. ನಾನು ಹುಬ್ಬು ಗಂಟಿಕ್ಕಿದೆ.

"ಇಂವ ಹಾಲಸಿದ್ದ," ಎಂದರು ಅಪ್ಪಾಸಾಬ. "ಇವನ ಹೇಣ್ತಿ ಹೆರಿಗೆ ಆಗ್ಯಾಳ. ಕೂಸು ಚಲೋ ಐತಿ. ಆದರ ಆಕಿಗೆ ರಕ್ತ ನಿಲ್ಲವಲ್ದು. ಓ ನೆಗೆಟಿವ್ ಬೇಕಂತ. ಮಿರಜಕ್ಕ ಜೀಪ್ ಕಳಿಸ್ಯಾರ, ಅದು ಹೋಗಿ ಬರಾಕ ನಾಕು ತಾಸು. ಪಟ್ಟಿ ತಗೀರಿ ಸರ, ಲಗೂನ!"

ವಿದ್ಯಾರ್ಥಿಗಳೆಲ್ಲ ಸರಿದು ದಾರಿ ಬಿಟ್ಟರು. ನನ್ನ ಬಾಳಿನ ಮಹಾಘಳಿಗೆ! ಬೆರಳು ಮುರಿದುಕೊಂಡು, ಕೀಲಿಪದ ಹೊಡೆದೆ.

ಕೀಲಿ ತಪ್ಪು.

ಅವಸರಕ್ಕೆ ಬೆರಳು ಜಾರಿರಬೇಕು. ಮತ್ತೆ ಹೊಡೆದೆ. ತಪ್ಪು. ಒಂದೊಂದೇ ಅಕ್ಷರ ಒತ್ತಿ, ಅಂಗನವಾಡಿ ಮಗುವಿನಂತೆ ಹೊಡೆದೆ. ಪೀಂ! ಪೀಂ! ಪೀಂ!

"ಏನ ಅಂತೈತ್ರಿ ಅದು?" ಹಾಲಸಿದ್ದ ಪರದೆಯತ್ತ ಬಗ್ಗಿದ. ಆತನಿಗೆ ಓದು ಬಾರದು.

"ನನಗ ಕಳ್ಳ ಅಂತೈತಿ," ಎಂದೆ.

"ನಿಮದ ಅಲ್ಲೇನ್ರಿ ಪೆಟಿಗಿ?"

"ನಂದs. ಐದು ನಿಮಿಷ ತಡೀಬೇಕು."

"ಐದು ನಿಮಿಷ ಆಕಿ ತಡೀತಾಳೇನ್ರಿ?"

 ಗಡಿಯಾರದ ಮುಳ್ಳನ್ನು ನೋಡುತ್ತ ಕೂತೆವು. ಆ ಅಲಂಕಾರವನ್ನು ಕಿತ್ತೊಗೆಯುವ ದಾರಿಯನ್ನೂ ನಾನು ಮುಚ್ಚಿಬಿಟ್ಟಿದ್ದೆ, ಕಳ್ಳ ಬುದ್ಧಿವಂತನಿದ್ದರೆ ಎಂದು!

ಕೀಲಿಪದ ಮರೆತಿರಲಿಲ್ಲ, ಅದು ನನ್ನ ಎದೆಯಲ್ಲಿ ಕೆತ್ತಿದಂತಿತ್ತು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದದ್ದು. ಹಾಗಾದರೆ 'ಎ' ಒಂದು ಹೊಡೆದೆನೋ ಎರಡೋ? ಕೊನೆಗೆ 'ಇ' ಇತ್ತೋ, 'ವೈ' ಸೇರಿಸಿದ್ದೆನೋ? ಒಂದೊಂದೇ ಪ್ರಯೋಗ ಮಾಡಿದೆ. ಮೂರು ಸಲ ಹೊಡೆಯುವುದು, ಕಳ್ಳ ಅನ್ನಿಸಿಕೊಳ್ಳುವುದು, ಐದು ನಿಮಿಷ ಕಾಯುವುದು. ಮತ್ತೆ ಮೂರು, ಮತ್ತೆ ಕಳ್ಳ, ಮತ್ತೆ ಐದು.

ಯಾರದು ಯಾವ ಗುಂಪೆಂದು ವಹಿ ನೋಡದೆ ಹೇಳಲು ಅಪ್ಪಾಸಾಬರಿಗೂ ಆಗಲಿಲ್ಲ, ಆದರೆ ಅವರು ಕಾಯುತ್ತ ಕೂರಲಿಲ್ಲ. ಬಜಾರಿಗೆ ಇಳಿದು, ಕೈಗೆ ಸಿಕ್ಕವರನ್ನೆಲ್ಲ ದವಾಖಾನೆಗೆ ಎಳೆದೊಯ್ದು ರಕ್ತ ತಪಾಸಿಸಿದರು. ನನ್ನ ಹನ್ನೊಂದು ವಿದ್ಯಾರ್ಥಿಗಳೂ ಹೋದರು. ಮೂವತ್ತೆರಡು ಜನರಲ್ಲಿ ಒಬ್ಬರದೂ ಹೊಂದಲಿಲ್ಲ. ನನ್ನದು ಹಿಂದೆಯೇ ಗೊತ್ತಿತ್ತು, ಬಿ ಪಾಸಿಟಿವ್.

ಹಾಲಸಿದ್ದ ಮಾತ್ರ ನನ್ನ ಪಕ್ಕದಿಂದ ಕದಲಲಿಲ್ಲ. ಹೆಸರುಗಳು ಈ ಪೆಟ್ಟಿಗೆಯೊಳಗೇ ಇವೆ ಎಂದು ಆತನಿಗೆ ಯಾರೋ ಹೇಳಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ಮೆಲ್ಲಗೆ ಕೇಳಿದ:

"ಕೊಡಲಿ ತರ್ಲೇನ್ರಿ ಸರ? ಒಡದ ಬಿಡೂಣು."

"ಒಡದ್ರ ಸಿಗೂದಿಲ್ಲಪ್ಪ."

"ಹೆಸರು ಒಳಗ ಅದಾವ ಅಂತೀರಿ. ಒಡದ್ರ ಸಿಗೂದಿಲ್ಲ ಅಂತೀರಿ. ಕೀಲಿ ಗೊತ್ತೈತಿ ಅಂತೀರಿ. ತಗೀರಿ ಅಂದ್ರ ಬರವಲ್ದು ಅಂತೀರಿ." ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಮುಷ್ಕರದ ಐದು ನಿಮಿಷದಲ್ಲಿ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಪುಣೆಗೆ ಫೋನು ಹಚ್ಚಿದೆ. ರಾಜಾರಾಮ ಎಲ್ಲವನ್ನೂ ಕೇಳಿಸಿಕೊಂಡ.

"ಅದಕ್ಕೇನು? ಎರಡನೇ ಕೀಲಿ ಯಾರ ಹತ್ತಿರ ಇಟ್ಟಿದ್ದೀಯೋ ಅವರಿಂದ ತರಿಸು."

"ಅದನ್ನ ಮುದ್ರಿಸೂ ತುಣುಕು ಕಿತ್ತಿದ್ದೆ."

"ಮೂಲ ಪಟ್ಟಿ?"

"ಒರೆಸಿದೆ."

"ಬರೆದಿಟ್ಟ ವಹಿ?"

"ಸುಟ್ಟೆ."

 ರಾಜಾರಾಮ ಹೇಳಿದ: "ಹಾಗಾದರೆ ಬೀಗ ಸರಿಯಾಗಿಯೇ ಕೆಲಸ ಮಾಡ್ತಿದೆ, ವಿರುಪಾಕ್ಷ."

"ಮಾರಾಯಾ, ಒಬ್ಬಾಕಿ ಸಾಯಾಕತ್ತಾಳ!"

"ಕೇಳು. ನೀನು ಏನು ಹೊಡೀಬೇಕು ಅಂದುಕೊಂಡಿದ್ದೆ ಅನ್ನೋದನ್ನ ಬಿಡು. ಆವತ್ತು ನಿನ್ನ ಬೆರಳು ನಿಜವಾಗಿ ಏನು ಹೊಡೆಯಿತು ಅದನ್ನ ನೆನಪು ಮಾಡ್ಕೋ. ಅದೊಂದೇ ದಾರಿ."

ಬೆರಳಿಗೆ ನೆನಪಿರುತ್ತದೆಯೇ? ವಾಪಸು ಬಂದು ಹತ್ತು ಬೆರಳನ್ನೂ ನೋಡುತ್ತ ಕೂತೆ. ದವಾಖಾನೆಯಿಂದ ಒಬ್ಬ ಆಯಾ ಬಂದು, "ಡಾಕ್ಟರಬಾಯಾರು ಕೇಳಾಕತ್ತಾರ," ಎಂದಳು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದಳು. ಆ ಸಲ ನನ್ನ ಮುಖ ನೋಡಿ ಹಾಗೇ ಇಳಿದು ಹೋದಳು.

ಒಂದು ಗಂಟೆಗೆ ಸೋನಾಬಾಯಿ ಊಟದ ಡಬ್ಬಿ ತಂದಳು. ಪರದೆಯ ಮೇಲೆ 'ಎಲೈ ಕಳ್ಳನೇ' ರಾರಾಜಿಸುತ್ತಿತ್ತು. ನನ್ನ ಅಂಗಿ ಬೆವರಿಗೆ ಹಿಂಡುವಂತಾಗಿತ್ತು. ಹಾಲಸಿದ್ದನೇ ಆಕೆಗೆ ಎಲ್ಲವನ್ನೂ ಹೇಳಿದ. ಡಬ್ಬಿ ನೆಲಕ್ಕಿಟ್ಟು ಕೇಳಿದಳು:

"ಕೀಲಿ ಏನ ಇಟ್ಟೀರಿ?"

"ಅದು... ಗುಟ್ಟು."

"ಅಹೋ! ಅಲ್ಲೆ ಬಾಣಂತಿ ರಕ್ತ ಹರದು ಹೊಂಟೈತಿ, ಇಲ್ಲೆ ಇನ್ನೂ ಗುಟ್ಟಂತ! ಬಾಯಿ ಬಿಡ್ರಿ!"

ತಲೆ ತಗ್ಗಿಸಿ ಹೇಳಿದೆ. "ನಾನೇ ಬಲ್ಲೆ."

"ನಿಮಗ ಗೊತ್ತೈತಿ ಅನ್ನೂದು ನನಗೂ ಗೊತ್ತೈತಿ. ಏನು ಅಂತ ಹೇಳ್ರಿ."

"ಅದs ಕೀಲಿ. 'ನಾನೇ ಬಲ್ಲೆ' ಅಂತs ಇಟ್ಟೀನಿ."

ಆಕೆ ನನ್ನನ್ನು ನೋಡಿದ ಆ ನೋಟವನ್ನು ಬರೆಯಲು ನನ್ನಿಂದಾಗದು. ವಿದ್ಯಾರ್ಥಿಗಳು ಆಗ ಅಲ್ಲಿರಲಿಲ್ಲ ಎಂಬುದೊಂದೇ ನನ್ನ ಪುಣ್ಯ.

ರಾಜಾರಾಮ ಹೇಳಿದ ಬೆರಳಿನ ಮಾತನ್ನೂ ಹೇಳಿದೆ. ಸೋನಾಬಾಯಿ ಕೀಬೋರ್ಡಿನ ಮೇಲೆ ಕೈಯಾಡಿಸಿದಳು.

"ಇದು ಹೊಸಾದು ಹೌದಲ್ರಿ? ಸಮಾರಂಭದ ದಿನ ಇದ್ದದ್ದು ಹಳೇದು. ಆವತ್ತ ಅದರ ಮ್ಯಾಲ ಯಾರೋ ಚಹಾ ಚೆಲ್ಲಿದ್ರು. ನೀವು ಧೋತರದ ಸೆರಗಿಲೆ ಒರಸಿ, ಹಂಗs ಕುಂತು ಹೊಡದ್ರಿ."

"ಹೌದು. ವಾರ ಬಿಟ್ಟು ಬದಲಿ ಮಾಡಿದೆ. ಅದಕ್ಕೇನೀಗ?"

"ಮಂದಿ ಹೋದಮ್ಯಾಲ ಸಂಜೀಕ ನಾ ಅದರ ಮ್ಯಾಲ ನನ್ನ ಹೆಸರ ಹೊಡದಿದ್ದೆ, ನೆನಪೈತಿ? ಇಂಗ್ಲಿಷ್ ಅಕ್ಷರದಾಗ ಸೋನಾಬಾಯಿ ಅಂತ ಹೊಡದ್ರ ಸೋನಾಆಯಿ ಅಂತ ಮೂಡಿತು. ನಾ ಅಂದೆ, 'ಏನ್ರಿ, ನಾ ನಿಮ್ಮ ಬಾಯಕೋ, ಕಟಗೊಂಡ ಹೇಣ್ತಿ, ನಿಮ್ಮ ಪೆಟಿಗಿ ನನ್ನ ಆಯಿ, ಅಂದ್ರ ನಿಮ್ಮವ್ವ ಮಾಡೈತಿ!' ನೀವು ಅಂದ್ರಿ, 'ನಿನಗ ಟೈಪ್ ಬರೂದಿಲ್ಲ, ಏಳು.' ನನಗ ಬರ್ತಿತ್ತು. ಆ 'ಬಿ' ಗುಂಡೀನs ಚಹಾಕ್ಕ ಅಂಟಿ ಕೂತು ಬಿಟ್ಟಿತ್ತು."

 ನಲವತ್ತು ಜನರ ಎದುರಿಗೆ ಗತ್ತಿನಿಂದ ನಾನು ಹೊಡೆದದ್ದು 'ನಾನೇ ಬಲ್ಲೆ'. ಯಂತ್ರಕ್ಕೆ ಮುಟ್ಟಿದ್ದು, ಅದರಲ್ಲಿನ 'ಬಿ' ಬಿಟ್ಟು ಉಳಿದದ್ದು. ನಾನೇ ಅಲ್ಲೆ!

ಐದು ನಿಮಿಷ ಮುಗಿಯಲು ಇನ್ನೂ ಒಂದೂವರೆ ನಿಮಿಷವಿತ್ತು. ಆ ತೊಂಬತ್ತು ಸೆಕೆಂಡು ಮೂವರೂ ಗಡಿಯಾರ ನೋಡುತ್ತ ನಿಂತೆವು. ಕೊನೆಗೆ ಹೊಡೆದೆ. ಎನ್, ಎ, ಎನ್, ಇ. ಎ, ಎಲ್, ಎಲ್, ಇ.

ಪಟ್ಟಿ ತೆರೆಯಿತು! ಮುನ್ನೂರ ಹನ್ನೆರಡು ಹೆಸರೂ ಸಾಲಾಗಿ ಬಂದವು. ಓ ನೆಗೆಟಿವ್ ಹುಡುಕಿದೆ. ಮೂರು ಹೆಸರು.

"ಯಾರ್ಯಾರು ಅದಾರ್ರಿ?" ಹಾಲಸಿದ್ದ ಕೇಳಿದ.

ಮೊದಲನೆಯದನ್ನು ಓದಿದೆ. ಮತ್ತೊಮ್ಮೆ ಓದಿದೆ. ಹೊಳೆವ್ವ, ಗಂಡ ಹಾಲಸಿದ್ದ, ಕುರಿ ಕಾಯುವವರು.

"ಏನಪ್ಪಾ," ಎಂದೆ, "ನಿನ್ನ ಹೇಣ್ತಿ ಹೆಸರು ಏನು?"

"ಹೊಳೆವ್ವ. ಯಾಕ್ರಿ?"

ಹೇಳಿದೆ. ಆತ ತಲೆಯಾಡಿಸಿದ. "ಹೌದ್ರಿ. ಹ್ವಾದ ವರ್ಷ ನಮ್ಮ ತಂಗಿ ರಾಮವ್ವಗ ಬೇಕಾದಾಗ ಆಕೀನs ಕೊಟ್ಟಿದ್ಲು. ಆಮ್ಯಾಲ ಅಂಕಲಿ ಊರಾಗ ಒಂದು ಮುದುಕಿಗೂ ಕೊಟ್ಲು. ಆ ಅಪ್ಪಾಸಾಬ ಅಜ್ಜಾರು ಬಂದು ಬರಕೊಂಡು ಹೋದ್ರು." ಆಮೇಲೆ ಕೇಳಿದ, "ಮತ್ತೊಂದು ಹೆಸರು ಓದ್ರಿ ಸರ."

ಎರಡನೆಯವನು ಪಾಲಬಾವಿಯ ಭರಮು. ಆತ ತೀರಿಕೊಂಡು ಆರು ತಿಂಗಳಾಗಿತ್ತೆಂದು ಆಮೇಲೆ ಅಪ್ಪಾಸಾಬರು ಹೇಳಿದರು. ಮೂರನೆಯವರು ಐಗಳಿಯ ದ್ರಾಕ್ಷಿ ಬೆಳೆಗಾರ ಮುರಗೆಪ್ಪ. ಐಗಳಿಯ ಅಂಚೆ ಕಚೇರಿಗೆ ಫೋನು ಮಾಡಿದೆ. ಅಲ್ಲಿಯವರು ತೋಟಕ್ಕೆ ಆಳು ಓಡಿಸಿದರು. ಮುರಗೆಪ್ಪ ಔಷಧಿ ಹೊಡೆಯುತ್ತಿದ್ದವರು ಪಂಪು ಅಲ್ಲೇ ಇಳಿಸಿ, ಮೈಲುತುತ್ತದಿಂದ ನೀಲಿಯಾದ ಕೈಯಲ್ಲೇ ಮೋಟರ್‌ಸೈಕಲ್ ಹತ್ತಿ ಬಂದರು. ದವಾಖಾನೆ ಮುಟ್ಟಿದಾಗ ಎರಡೂವರೆ. ಕೈ ಎಷ್ಟು ತೊಳೆದರೂ ನೀಲಿ ಹೋಗಲಿಲ್ಲ. ಹಾಗೇ ಮಲಗಿ ರಕ್ತ ಕೊಟ್ಟರು. ಮೂರು ದಾಟಿದ ಮೇಲೆ ಮಿರಜದ ಜೀಪು ಇನ್ನೊಂದು ಬಾಟಲಿ ತಂದಿತು.

ಹೊಳೆವ್ವ ಬದುಕಿದಳು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಕಥೆ ಸುಖಾಂತ್ಯ. ನಿಲ್ಲಿಸಲಾಗುವುದಿಲ್ಲ. ಮುರಗೆಪ್ಪ ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದು, ನನ್ನ ಗುರುತು ಹಿಡಿದು ಕೇಳಿದರು:

"ಸರ, ಮುಂಜಾನೇನs ಹೇಳಿದ್ರ ಆಗ್ತಿತ್ತಲ್ರಿ? ನಾ ಅಥಣ್ಯಾಗs ಇದ್ದೆ. ಹನ್ನೊಂದರಿಂದ ಹನ್ನೆರಡರ ತನಕ ನಿಮ್ಮ ಕ್ಲಾಸಿನ ಕೆಳಗಿನ ಅಂಗಡ್ಯಾಗ ಮೈಲುತುತ್ತ ತಗೊಳ್ಳಾಕ ಕುಂತಿದ್ದೆ. ಮ್ಯಾಲ ಏನೋ ಪೀಂ ಪೀಂ ಅಂತ ಒದರಾಕತ್ತಿತ್ತು."

ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತ ಬಂದರು. ಬೈಯಲಿಲ್ಲ. "ಎರಡರ ತನಕ ದಾರಿ ನೋಡಿದೆ ಸರ. ಆಮ್ಯಾಲ ಜೀವ ಉಳಸ್ಬೇಕಂದ್ರ ಗರ್ಭಚೀಲ ತಗೀಲೇಬೇಕಾತು. ಒಂದು ತಾಸು ಮೊದಲ ರಕ್ತ ಸಿಕ್ಕಿದ್ರ ಬ್ಯಾಡಾಗಿತ್ತು. ಚೊಚ್ಚಲ ಕೂಸು ಪಾಪ." ಇಷ್ಟೇ ಹೇಳಿ ಒಳಗೆ ಹೋದರು.

ನಾಲ್ಕು ದಿನ ನಾನು ಮನೆ ಬಿಟ್ಟು ಹೊರಬೀಳಲಿಲ್ಲ. ಐದನೆಯ ದಿನ ಸೋನಾಬಾಯಿ ಒಂದು ಕೈಯಲ್ಲಿ ಗಂಜಿಯ ಪಾತ್ರೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಚಪ್ಪಲಿ ತಂದು ಮುಂದೆ ಇಟ್ಟಳು.

"ನಡೀರಿ ದವಾಖಾನಿಗೆ. ಹೋಗಿ ಬಾಯಿಲೆ ಹೇಳಿ ಬರ್ರಿ. ಗುಟ್ಟು ಇಟ್ಕೊಂಡ ಕುಂದ್ರೂದು ಸಾಕು."

ಹೊಳೆವ್ವ ಗೋಡೆಗೆ ಒರಗಿ ಕೂತಿದ್ದಳು. ಮುಖ ಸುಣ್ಣದಂತೆ ಬಿಳಿ. ಮಗ್ಗುಲಲ್ಲಿ ಕಂಬಳಿಯ ತುಂಡಿನೊಳಗೆ ಹೆಣ್ಣುಕೂಸು. ಹಾಲಸಿದ್ದ ಬಾಗಿಲ ಬಳಿ ಕೋಲೂರಿ ಕೂತಿದ್ದ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಎರಡನೆಯ ಕೀಲಿ ಕಿತ್ತದ್ದು, ವಹಿ ಸುಟ್ಟದ್ದು, ಕೀಲಿಪದ ಏನಿತ್ತೆಂಬುದು, ಒಂದನ್ನೂ ಬಿಡದೆ. ಭಾಷಣ ಮಾಡಿ ಅಭ್ಯಾಸವಿದ್ದವನು, ಅಂದು ಒಂದೊಂದು ವಾಕ್ಯವನ್ನೂ ಮೂರು ಮೂರು ಸಲ ಶುರುಮಾಡಿದೆ.

ಆಕೆ ಕೂಸಿನ ಕಿವಿಗೆ ಸೆರಗು ಸರಿಮಾಡುತ್ತ ಕೇಳಿದಳು. ಎಷ್ಟು ತಿಳಿಯಿತೋ, ಎಷ್ಟು ಇಲ್ಲವೋ. 

"ನಿನ್ನ ಹೆಸರು ಆ ಪಟ್ಟಿಯಿಂದ ತಗದ ಹಾಕ್ಲೇನವ್ವಾ?" ಎಂದೆ.

"ಯಾಕ್ರಿ?" ಹೊಳೆವ್ವ ಮೊದಲ ಸಲ ನನ್ನತ್ತ ನೇರವಾಗಿ ನೋಡಿದಳು. "ಇರ್ಲಿ ಬಿಡ್ರಿ. ಆದರ ಮುಂದ ಯಾರಿಗರೆ ಬೇಕಾದ್ರ ಆ ಪೆಟಿಗಿ ಮುಂದ ಕುಂದ್ರಾಕ ಹೋಗಬ್ಯಾಡ್ರಿ ಸರ. ನಾವು ಯಾವ ಹೊಲದಾಗ ಕುರಿ ನಿಲ್ಲಿಸೀವಿ ಅಂತ ಮಂದೀನ ಕೇಳಿ, ಸೀದಾ ಬಂದು ಒದರ್ರಿ. ನಮ್ಮ ಬಿಡಾರಕ್ಕ ಬಾಗಲಾನs ಇಲ್ಲ."